ಅಣ್ಣತಮ್ಮಂದಿರು

11 ಸೆಪ್ಟೆಂಬರ್ 2024, ಬುಧವಾರ, ರಾತ್ರಿ

ಮದುವೆ ವಿಡಿಯೋದ ಎಡಿಟಿಂಗ್ ಅರ್ಧಕ್ಕೆ ಬಿಟ್ಟು ಸಂಜೆ ನೋದೇ ಸಹೋದರರ ಸಾಕ್ಷ್ಯಚಿತ್ರ ಹಾಕಿಕೊಂಡು ಕೂತೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ಜೋಡಿ ಗೋಪುರಗಳ ಮೇಲೆ ನಡೆದ ವಿಮಾನ ದಾಳಿಯ ಚಿತ್ರ ಅದು. ಕ್ಯಾಮೆರಾ ಕಲಿಯುವ ದಿನಗಳಲ್ಲಿ ಮೊದಲು ನೋಡಿದ್ದು. ಆಗ ನನ್ನ ತಲೆಯಲ್ಲಿ ಉಳಿದಿದ್ದು ವಿಮಾನ ಬಂದು ಬಡಿಯುವ ಆ ಒಂದು ಶಾಟ್ ಮಾತ್ರ.

ಆ ಶಾಟ್ ಸಿಕ್ಕಿದ್ದೂ ಆಕಸ್ಮಿಕ. ಫ್ರಾನ್ಸಿನ ಈ ಅಣ್ಣತಮ್ಮಂದಿರು, ಜೆಡಿಯೋನ್ ಮತ್ತು ಜೂಲ್, ನ್ಯೂಯಾರ್ಕಿನ ಡುವೇನ್ ಸ್ಟ್ರೀಟ್ ಫೈರ್ ಸ್ಟೇಷನ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಪಳಗುವುದನ್ನು ಚಿತ್ರಿಸುತ್ತಿದ್ದರು. ತಮ್ಮ ಜೂಲ್‌ಗೆ ಕ್ಯಾಮೆರಾದಲ್ಲಿ ಇನ್ನೂ ಕೈ ಕೂತಿರಲಿಲ್ಲ. ಅಭ್ಯಾಸವಾಗಲಿ ಅಂತ ಅಗ್ನಿಶಾಮಕ ಇಲಾಖೆಯ ಮೇಲಧಿಕಾರಿ, ಬೆಟಾಲಿಯನ್ ಚೀಫ್ ಜೋಸೆಫ್ ಫೈಫರ್ ಜೊತೆ ಹೋಗಿದ್ದ. ಲಿಸ್ಪೆನಾರ್ಡ್ ರಸ್ತೆಯಲ್ಲಿ ಗ್ಯಾಸ್ ವಾಸನೆಯ ದೂರು. ಬೆಳಗ್ಗೆ 8.46ಕ್ಕೆ ತಲೆಯ ಮೇಲೆ ವಿಮಾನದ ಸದ್ದಾಯಿತು, ಕ್ಯಾಮೆರಾ ಮೇಲೆತ್ತಿದ.

ವಿಮಾನ ಬಡಿದ ಉತ್ತರ ಗೋಪುರದ ಲಾಬಿಗೆ ಚೀಫ್ ಜೊತೆ ಕಾಲಿಡುವಾಗ ಪಕ್ಕದಲ್ಲೇ ಜನ ಬೆಂಕಿಯಲ್ಲಿ ಉರಿಯುತ್ತಿದ್ದರು. ಜೂಲ್ ಆ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಯಾರೂ ಇದನ್ನು ನೋಡಬಾರದು ಅನ್ನಿಸಿತಂತೆ. ಇಪ್ಪತ್ತರ ವಯಸ್ಸಿನಲ್ಲಿ ನಾನಾಗಿದ್ದರೆ ಖಂಡಿತ ತಿರುಗಿಸುತ್ತಿದ್ದೆ. ಆಮೇಲೆ ಲಾಬಿಯೊಳಗೆ ಮತ್ತೆ ಮತ್ತೆ ಕೇಳುವ ಆ ಭಾರವಾದ ಸದ್ದು. ಮೇಲಿನಿಂದ ಬೀಳುತ್ತಿದ್ದ ಮನುಷ್ಯರದು. ಪ್ರತಿ ಸಲ ಸದ್ದಾದಾಗ ಫೈರ್‌ಮನ್‌ಗಳ ಮುಖ ನೋಡಿ. ಬೇರೇನೂ ಬೇಕಾಗುವುದಿಲ್ಲ.

ಇವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಲಾಬಿಯ ಇನ್ನೊಂದು ಗಳಿಗೆ. ಚೀಫ್ ಫೈಫರ್ ಒಡಹುಟ್ಟಿದ ತಮ್ಮ ಕೆವಿನ್ ಕೂಡ ಅದೇ ಇಲಾಖೆಯಲ್ಲಿ ಲೆಫ್ಟಿನೆಂಟ್, ಎಂಜಿನ್ 33 ಅನ್ನೋ ತಂಡದವನು. ತನ್ನ ತಂಡದ ಜೊತೆ ಬಂದು ಅಣ್ಣನ ಎದುರು ನಿಂತ. ಒಬ್ಬರನ್ನೊಬ್ಬರು ಕೆಲವು ಕ್ಷಣ ನೋಡಿದರು. ಅಣ್ಣ ಮೇಲೆ ಹೋಗಲು ಹೇಳಿದ, ತಮ್ಮ ಮೆಟ್ಟಿಲ ಕಡೆ ನಡೆದ. ಅಷ್ಟೇ.

9.59ಕ್ಕೆ ದಕ್ಷಿಣ ಗೋಪುರ ಕುಸಿದಾಗ ಈ ಲಾಬಿ ಕಗ್ಗತ್ತಲು. ಏನು ಬಿತ್ತು ಅನ್ನೋದು ಒಳಗಿದ್ದವರಿಗೆ ಗೊತ್ತೇ ಇಲ್ಲ. ಆ ಧೂಳಿನಲ್ಲಿ ದಾರಿ ಹುಡುಕೋಕೆ ಜೂಲ್‌ನ ಕ್ಯಾಮೆರಾ ಲೈಟೇ ಆಧಾರವಾಯಿತು. ಇಲಾಖೆಯ ಪಾದ್ರಿ ಮೈಕಲ್ ಜಡ್ಜ್ ತೀರಿಕೊಂಡಿದ್ದು ಅಲ್ಲೇ. ಫೈಫರ್ ರೇಡಿಯೋದಲ್ಲಿ ಎಲ್ಲರಿಗೂ ಕೆಳಗಿಳಿದು ಹೊರಬರಲು ಆಜ್ಞೆ ಕೊಟ್ಟರು. ಕೇಳಿಸದವರೂ ಇದ್ದರು.

10.28ಕ್ಕೆ ಉತ್ತರ ಗೋಪುರವೂ ಬಿತ್ತು. ಚೀಫ್, ಜೂಲ್ ಇಬ್ಬರೂ ರಸ್ತೆಯಲ್ಲಿ ಓಡುತ್ತಿದ್ದರು. ಜೂಲ್‌ಗೆ ಹೆಲ್ಮೆಟ್ ಇಲ್ಲ, ಫೈರ್ ಕೋಟಿಲ್ಲ. ಚೀಫ್ ಅವನ ಮೇಲೆ ಬಿದ್ದು ತನ್ನ ಮೈಯಿಂದಲೇ ಮುಚ್ಚಿದರು. ಬೀಳುತ್ತಿದ್ದದ್ದು ಅವರ ತಮ್ಮ ಹತ್ತಿ ಹೋಗಿದ್ದ ಕಟ್ಟಡ. ಅವರ ಮೈಯಡಿ ಇದ್ದದ್ದು ಇನ್ನೊಬ್ಬರ ತಮ್ಮ.

ಡುವೇನ್ ಸ್ಟ್ರೀಟ್ ಸ್ಟೇಷನ್‌ನವರೆಲ್ಲ ಬದುಕಿ ಬಂದರು. ಪರಸ್ಪರ ಸತ್ತೇ ಹೋದ ಅಂದುಕೊಂಡಿದ್ದ ನೋದೇ ಅಣ್ಣತಮ್ಮಂದಿರು ಅಲ್ಲೇ ತಬ್ಬಿಕೊಂಡು ಅತ್ತರು. ಇಲಾಖೆ ಅವತ್ತು ಕಳೆದುಕೊಂಡದ್ದು 343 ಜನರನ್ನು. ಕೆವಿನ್ ಅವರಲ್ಲೊಬ್ಬ.

ಮುಗಿದ ಮೇಲೆ ಹಿಂದಕ್ಕೆ ಹೋಗಿ ಲಾಬಿಯ ದೃಶ್ಯವನ್ನು ಇನ್ನೊಮ್ಮೆ ಹಾಕಿದೆ. ಅವರಿಬ್ಬರೂ ಅಣ್ಣತಮ್ಮಂದಿರು ಅಂತ ಮೊದಲ ಸಲ ನೋಡಿದಾಗ ನಾನು ಗಮನಿಸಿಯೇ ಇರಲಿಲ್ಲ. ಬಿಳಿ ಹೆಲ್ಮೆಟ್ಟಿನ ಅಣ್ಣ, ಎದುರಿಗೆ ತಮ್ಮ, ಸುತ್ತ ಓಡಾಡುವ ಜನ. ತಮ್ಮ ತಿರುಗಿ ಹೊರಡುವ ಮುಂಚೆ ಪಾಸ್ ಒತ್ತಿ ತುಂಬ ಹೊತ್ತು ಹಾಗೇ ಬಿಟ್ಟಿದ್ದೆ.