ಔಟ್‌ಲೈಯರ್ ಅಂತ ಅಳಿಸಿದ ಟೈಗರ್ ಶಾರ್ಕ್

ಸೋಮವಾರದ ಮ್ಯಾಪ್ ಅಂದ್ರೆ ನಮ್ಮ ಟೀಮಲ್ಲಿ ಎಲ್ಲರಿಗೂ ತಲೆನೋವು. ಆರ್ಗೋಸ್ ಅನ್ನೋ ಸ್ಯಾಟಲೈಟ್ ವ್ಯವಸ್ಥೆಯಿಂದ ವಾರದ ಫಿಕ್ಸ್‌ಗಳನ್ನ, ಅಂದ್ರೆ ಟ್ಯಾಗ್ ಹಾಕಿದ ಶಾರ್ಕ್‌ಗಳು ಎಲ್ಲಿವೆ ಅನ್ನೋದನ್ನ ಇಳಿಸ್ಕೊಂಡು, ತಪ್ಪು ಡೇಟಾ ಸೋಸೋ ಕ್ಯೂಸಿ ಸ್ಕ್ರಿಪ್ಟ್ ಓಡಿಸಿ, ಹತ್ತು ಗಂಟೆ ಕಾಲ್‌ಗೆ ಮುಂಚೆ ಮೀನುಗಾರಿಕೆ ಇಲಾಖೆಯವರ ಕೈಗೆ ಕೊಡ್ಬೇಕು. ನಾನಿರೋದು ಅಮೆರಿಕದ ಪೂರ್ವ ಕರಾವಳಿಲಿ, ಕೆಲಸ ಶಾರ್ಕ್ ಟ್ಯಾಗ್ ಡೇಟಾ. ಕುಂದಾಪುರದ ಚಿಕ್ಕಮ್ಮ ಮಾತ್ರ ಇನ್ನೂ ಎಲ್ಲರ ಹತ್ರಾನೂ "ತಾಟೆ ಮೀನಿನ ಕಂಪ್ನಿ" ಅಂತಾನೇ ಹೇಳ್ಕೊಂಡು ಬರ್ತಾರೆ, ನಾನೂ ತಿದ್ದೋಕೆ ಹೋಗಿಲ್ಲ.

ಮೇ ಕೊನೇ ವಾರ. ಒಂದು ಹೆಣ್ಣು ಟೈಗರ್ ಶಾರ್ಕಿಂದು ಎರಡು ಫಿಕ್ಸ್ ಮೇರಿಲ್ಯಾಂಡ್ ಎದುರಿನ ಸಮುದ್ರದಲ್ಲಿ ಬಂದಿತ್ತು, ಸ್ಕ್ರಿಪ್ಟ್ ಎರಡನ್ನೂ ಔಟ್‌ಲೈಯರ್ ಅಂತ, ಅಂದ್ರೆ ಮಿಕ್ಕವಕ್ಕೆ ಹೊಂದದ ಡೇಟಾ ಅಂತ ಕಿತ್ತುಹಾಕಿತ್ತು. ಜೂನ್‌ಗೆ ಮುಂಚೆ ನಾರ್ತ್ ಕ್ಯಾರೊಲಿನಾದ ಕೇಪ್ ಹ್ಯಾಟ್ರಸ್‌ಗಿಂತ ಉತ್ತರಕ್ಕೆ ಟೈಗರ್ ಶಾರ್ಕ್ ಇರೋದೇ ಇಲ್ಲ ಅನ್ನೋ ರೂಲ್ ಅದ್ರಲ್ಲಿದೆ. ಎರಡೂ ಬಿ ಕ್ಲಾಸ್ ಬೇರೆ, ಅಂದ್ರೆ ಅಷ್ಟಾಗಿ ನಂಬೋಕಾಗದ ಫಿಕ್ಸ್. ಹೋಗ್ಲಿ ಬಿಡು ಅಂತ ಮ್ಯಾಪ್ ರೆಡಿ ಮಾಡ್ದೆ.

ಟ್ಯಾಗ್ ಹಾಕಿದ ಹುಡುಗಿ ಮೆಸೇಜ್ ಮಾಡಿದ್ಲು, "ನಂದೊಂದು ಶಾರ್ಕ್ ಎಲ್ಲಿ ಹೋಯ್ತು?"

"ಆರ್ಗೋಸ್‌ಗೆ ತಲೆ ಕೆಟ್ಟಿದೆ, ಕಿತ್ತಿದೀನಿ."

"ಎಸ್‌ಎಸ್‌ಟಿ ನೋಡಿದ್ಯಾ?"

ಎಸ್‌ಎಸ್‌ಟಿ ಅಂದ್ರೆ ಸಮುದ್ರದ ಮೇಲ್ಮೈ ನೀರಿನ ಉಷ್ಣತೆ. ನೋಡಿರ್ಲಿಲ್ಲ. ಎರಡು ನಿಮಿಷದ ಕೆಲಸ, ಆದ್ರೆ ಕಾಲ್‌ಗೆ ಟೈಮಿಲ್ಲ ಅಂತ ಕಳಿಸೇಬಿಟ್ಟೆ.

ಕಾಲ್ ಶುರುವಾಯ್ತು. ಇಲಾಖೆಯವರೊಬ್ರು ಮ್ಯಾಪ್ ನೋಡಿ "ಸರಿ, ಹಾಗಾದ್ರೆ ಉತ್ತರಕ್ಕೆ ಇನ್ನೂ ಯಾವುದೂ ಹೋಗಿಲ್ಲ" ಅಂತ ಬರ್ಕೊಳ್ತಿದ್ರು, ಅಷ್ಟರಲ್ಲಿ ನನ್ನ ಇನ್ನೊಂದು ಸ್ಕ್ರೀನಲ್ಲಿ ಹೊಸ ಫಿಕ್ಸ್ ಬಂತು, ಅದೇ ಶಾರ್ಕ್, ಕ್ಲಾಸ್ 2, ಅಂದ್ರೆ ನಂಬಬಹುದಾದ್ದೇ, ಮೊದಲಿಗಿಂತ ಇನ್ನೂ ಉತ್ತರಕ್ಕೆ. ನಾನು ಮ್ಯೂಟಲ್ಲಿದ್ದೆ. ಅನ್‌ಮ್ಯೂಟ್ ಬಟನ್ ಮೇಲೆ ಬೆರಳಿಟ್ಕೊಂಡು ಎಸ್‌ಎಸ್‌ಟಿ ಲೇಯರ್ ಹಾಕ್ದೆ, ಅದು ಲೋಡ್ ಆಗ್ತಾನೇ ಇದೆ, ಆಗ್ತಾನೇ ಇದೆ, ಆ ಕಡೆ ಅವ್ರು ಮುಂದಿನ ಸ್ಲೈಡ್‌ಗೆ ಹೋಗಾಯ್ತು. ಕೊನೆಗೂ ಬಂತು: ಗಲ್ಫ್ ಸ್ಟ್ರೀಮ್ ಅನ್ನೋ ಬಿಸಿ ಪ್ರವಾಹದಿಂದ ಒಡೆದು ಬಂದ ಬಿಸಿ ನೀರಿನ ಸುಳಿ, 22 ಡಿಗ್ರಿ ಮೇಲೆ, ಶಾರ್ಕ್ ಅದರ ಅಂಚಲ್ಲೇ. ಟೈಗರ್ ಶಾರ್ಕ್‌ಗೆ ಇಷ್ಟ ಆಗೋ ನೀರೇ ಅದು! "ಒಂದು ನಿಮಿಷ, ಹಿಂದಿನ ಸ್ಲೈಡ್" ಅಂದೆ. ಆಮೇಲಿನ ಮೌನದ ಬಗ್ಗೆ ಬರೆಯಲ್ಲ.

ಈಗ ಆ ರೂಲ್ ವಿಷಯ. ಅದ್ರಲ್ಲಿರೋ ಗಡಿ ಎಳೆದಿದ್ದು 70-80ರ ದಶಕದ ಟ್ಯಾಗ್ ದಾಖಲೆಗಳಿಂದ, ಮೀನು ಹಿಡಿಯೋರು ಟ್ಯಾಗ್ ಹಾಕಿ ಬಿಟ್ಟು ಚೀಟಿ ಕಳಿಸ್ತಿದ್ದ ಕಾಲ. ನೀರು ಆಮೇಲೆ ಬಿಸಿಯಾಗಿದೆ. ಮಯಾಮಿ ಯೂನಿವರ್ಸಿಟಿಯವರು ಮುಂದೆ ನಿಂತು ಮಾಡಿದ ಸ್ಟಡಿ 2022ರಲ್ಲಿ ಬಂತು, ಅದ್ರಲ್ಲಿ ನೀರಿನ ಉಷ್ಣತೆ ಸರಾಸರಿಗಿಂತ ಒಂದು ಡಿಗ್ರಿ ಏರಿದ್ರೆ ಟೈಗರ್ ಶಾರ್ಕ್‌ಗಳು 400 ಕಿ.ಮೀ.ಗಿಂತ ಹೆಚ್ಚು ಉತ್ತರಕ್ಕೆ ಹೋಗ್ತವೆ, ವಲಸೆನೂ ಸುಮಾರು 14 ದಿನ ಮುಂಚೆ ಅಂತ ಇದೆ. ಆ ಪೇಪರ್ ನಮ್ಮ ಪ್ಯಾಂಟ್ರಿ ಗೋಡೆ ಮೇಲೆ ಅಂಟಿಸಿದಾರೆ ಸ್ವಾಮಿ, ಕಾಫಿ ಕುಡೀತಾ ದಿನಾ ನೋಡ್ತೀವಿ, ಸ್ಕ್ರಿಪ್ಟಲ್ಲಿ ಮಾತ್ರ ಅಜ್ಜನ ಕಾಲದ ಸಮುದ್ರ.

ಇದು ಬರೀ ಮ್ಯಾಪ್ ಚೆಂದ ಕಾಣೋ ವಿಷ್ಯ ಆಗಿದ್ರೆ ನಾನೂ ಇಷ್ಟು ಕೊರಗ್ತಿರ್ಲಿಲ್ಲ. ಶಾರ್ಕ್ ರಕ್ಷಣೆಗೆ ಅಂತ ಲಾಂಗ್‌ಲೈನ್, ಅಂದ್ರೆ ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಬಿಡೋದು, ನಿಷೇಧ ಮಾಡಿರೋ ಜಾಗಗಳಿವೆ, ನಾರ್ತ್ ಕ್ಯಾರೊಲಿನಾ ಎದುರಿಂದು 2022ರ ಹೊತ್ತಿಗೆ ಜನವರಿಯಿಂದ ಜುಲೈ ಕೊನೆವರೆಗೆ ಇತ್ತು. ಬೇಲಿ ಅಲ್ಲೇ ಇದೆ, ಶಾರ್ಕ್ ಮುಂಚೆನೇ ದಾಟಿ ಉತ್ತರಕ್ಕೆ ಹೋದ್ರೆ ಗಾಳ ಇರೋ ಕಡೆ ಹೋಗಿ ಸೇರತ್ತೆ. ಹಾಗೆ ದಾಟಿದ್ದನ್ನೇ ನಾವು ತಪ್ಪು ಡೇಟಾ ಅಂತ ತೆಗೆದ್ರೆ ಬೇಲಿ ಸರಿಸ್ಬೇಕು ಅಂತ ಹೇಳೋಕೆ ಸಾಕ್ಷಿ ಎಲ್ಲಿಂದ ತರೋದು? ಹೊಸದಾಗಿ ಸೇರಿದ ಹುಡುಗ್ರಿಗೆ ಈಗ ನಾನು ಹೇಳೋದು ಇಷ್ಟೇ: ಫ್ಲ್ಯಾಗ್ ಮಾಡಿ, ಡಿಲೀಟ್ ಮಾಡ್ಬೇಡಿ. ಮೊದಲು ನೀರು ನೋಡಿ, ಆಮೇಲೆ ಟ್ಯಾಗನ್ನ ಬೈಯಿರಿ.

ಸ್ಕ್ರಿಪ್ಟಿನ ಗಡಿ ಬದಲಾಯಿಸಿ ಅಂತ ಟಿಕೆಟ್, ಅಂದ್ರೆ ಕೆಲಸದ ಕೋರಿಕೆ, ಹಾಕ್ದೆ. ಸ್ಕ್ರಿಪ್ಟ್ ಬರೆದವ್ರು ಕೆಲಸ ಬಿಟ್ಟು ಯಾವ ಕಾಲ ಆಯ್ತೋ, ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ. ಮ್ಯಾನೇಜರ್ ಅದಕ್ಕೆ "ಲೋ ಪ್ರಯಾರಿಟಿ" ಅಂತ ಹಾಕಿ, ಮ್ಯಾಪಿನ ಬಣ್ಣ ಬದಲಾಯಿಸೋ ಟಿಕೆಟನ್ನ ಅದರ ಮೇಲಿಟ್ಟಿದಾರೆ.