ವೈ ಬವೇರಿಯನ್ನು, ಐ ಬವೇರಿಯನ್ನು

ಬಿಎಂಡಬ್ಲ್ಯೂನಲ್ಲಿರುವ 'ಬಿ' ಬವೇರಿಯಾದ್ದು ಅಂತ ಗೊತ್ತಾದ ದಿನದಿಂದ ಈ ಪದದ ಬೆನ್ನು ಹತ್ತಿದ್ದೇನೆ. ಬಯರಿಷೆ ಮೊಟೋರೆನ್ ವೆರ್ಕೆ, ಅಂದರೆ ಬವೇರಿಯಾದ ಎಂಜಿನ್ ಕಾರ್ಖಾನೆ. ಲೋಗೋದ ನೀಲಿ-ಬಿಳಿಯೂ ಆ ರಾಜ್ಯದ ಬಣ್ಣವೇ. ತಿರುಗೋ ಪ್ರೊಪೆಲ್ಲರ್ ಅನ್ನೋ ಕತೆ ಹಬ್ಬಿದ್ದು ಆಮೇಲೆ, 1929ರ ಒಂದು ಜಾಹೀರಾತಿನಿಂದ.

ಬವೇರಿಯಾ ವಿಸ್ತೀರ್ಣದಲ್ಲಿ ಜರ್ಮನಿಯ ಅತಿ ದೊಡ್ಡ ರಾಜ್ಯ, ಮ್ಯೂನಿಕ್ ಅದರ ರಾಜಧಾನಿ. ಹಾಗಾದರೆ ಅಲ್ಲಿರುವವರೆಲ್ಲ ಬವೇರಿಯನ್ನರು, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ನ್ಯೂರೆಂಬರ್ಗ್ ಅದೇ ರಾಜ್ಯದಲ್ಲಿದೆ, ಆದರೆ ಆ ಊರಿನವರನ್ನು ಬವೇರಿಯನ್ ಅಂದು ನೋಡಿ, ನಾವು ಫ್ರಾಂಕೋನಿಯಾ ಪ್ರಾಂತ್ಯದವರು ಅಂತ ತಕ್ಷಣ ತಿದ್ದಿಯಾರು. ಆ ಊರು ಬವೇರಿಯಾಕ್ಕೆ ಸೇರಿದ್ದೇ 1806ರಲ್ಲಿ, ನೆಪೋಲಿಯನ್ ಕಾಲದ ಗಡಿ ಬದಲಾವಣೆಯಲ್ಲಿ. ಅದೇ ರಾಜ್ಯದ ಆಗ್ಸ್‌ಬರ್ಗ್ ಕಡೆಯವರು ಸ್ವೇಬಿಯಾ ಪ್ರಾಂತ್ಯದ ಸ್ವೇಬಿಯನ್ನರು. ಇನ್ನೊಂದು ಕಡೆ, ಗಡಿಯಾಚೆಗಿನ ವಿಯೆನ್ನಾದ ಆಡುಮಾತು ಇದೆಯಲ್ಲ, ಅದನ್ನು ಭಾಷಾತಜ್ಞರು ಸೇರಿಸೋದು ಬವೇರಿಯನ್ ಗುಂಪಿಗೇ! ಆಸ್ಟ್ರಿಯಾದ ಬಹುಪಾಲು, ಇಟಲಿಯ ದಕ್ಷಿಣ ಟೈರೋಲ್, ಎಲ್ಲವೂ ಅದರಲ್ಲೇ ಬರುತ್ತವೆ.

ಜರ್ಮನ್ನರು ಈ ಗೊಂದಲಕ್ಕೆ ಒಂದೇ ಅಕ್ಷರದಲ್ಲಿ ದಾರಿ ಕಂಡುಕೊಂಡಿದ್ದಾರೆ, ನನಗೆ ತುಂಬಾ ಇಷ್ಟವಾದದ್ದು ಇದೇ. ರಾಜ್ಯಕ್ಕೆ ಸಂಬಂಧಪಟ್ಟದ್ದಾದರೆ 'ವೈ' ಹಾಕಿ (bayerisch) ಬರೀತಾರೆ, ಭಾಷೆಯ ವಿಷಯವಾದರೆ ತಜ್ಞರು 'ಐ' ಹಾಕಿ (bairisch) ಬರೀತಾರೆ. ಮೊದಲು ರಾಜ್ಯದ ಹೆಸರಿಗೂ 'ಐ' ಇತ್ತು. 1825ರಲ್ಲಿ ಪಟ್ಟಕ್ಕೆ ಬಂದ ಒಂದನೇ ಲುಡ್ವಿಗ್ ರಾಜನಿಗೆ ಗ್ರೀಸ್ ಅಂದರೆ ಪ್ರಾಣ, ಹಾಗಾಗಿ ಗ್ರೀಕಿನಿಂದ ಬಂದ 'ವೈ' ಅಕ್ಷರವನ್ನೇ ಬಳಸಬೇಕು ಅಂತ ಅದೇ ವರ್ಷ ಆಜ್ಞೆ ಹೊರಡಿಸಿದ. (ಅವನ ಮಗ ಆಟೋ ಮುಂದೆ ಗ್ರೀಸ್‌ಗೇ ರಾಜನಾದ, ಅದು ಬೇರೆ ಕತೆ.) ಕನ್ನಡದಲ್ಲಿ ನಮಗೆ ಎರಡಕ್ಕೂ ಒಂದೇ 'ಬವೇರಿಯನ್', ಅದೂ ಇಂಗ್ಲಿಷಿನಿಂದ ತಂದದ್ದು.

ಔಷಧಿ ಕಂಪನಿ ಬೇಯರ್‌ಗೂ ಬವೇರಿಯಾಕ್ಕೂ ನಂಟಿಲ್ಲ, ಅದು ಸ್ಥಾಪಕ ಫ್ರೀಡ್ರಿಷ್ ಬೇಯರ್ ಅವರ ಮನೆತನದ ಹೆಸರು. ಬವೇರಿಯನ್ ಕ್ರೀಮ್ ಅನ್ನೋ ಸಿಹಿ ಜೆಲಟಿನ್ ಹಾಕಿ ಗಟ್ಟಿ ಮಾಡಿದ ಕಸ್ಟರ್ಡ್, ಹೆಸರು ಮಾಡಿದ್ದು ಫ್ರೆಂಚ್ ಅಡುಗೆಯಲ್ಲಿ. ಇನ್ನು ಚರ್ಮದ ಚಡ್ಡಿ, ಬಿಯರ್ ಮಗ್ಗು, ಅಕ್ಟೋಬರ್‌ಫೆಸ್ಟ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ಕ್ಲಬ್ಬಿನ ಘೋಷಣೆ 'ಮಿಯಾ ಸನ್ ಮಿಯಾ'. ಅಂದರೆ ನಾವು ಅಂದ್ರೆ ನಾವೇ. ಇದು ಪುಸ್ತಕದ ಜರ್ಮನ್ ಅಲ್ಲ, ಆಡುಮಾತಿನ ಬವೇರಿಯನ್. ಅಂದರೆ ಕ್ಲಬ್ಬಿನ ಹೆಸರು ವೈ, ಘೋಷಣೆ ಐ. 2023ರಲ್ಲಿ ಆ ಜೆರ್ಸಿ ತೊಟ್ಟು ಗೋಲು ಹೊಡೆಯೋಕೆ ಬಂದ ಹ್ಯಾರಿ ಕೇನ್ ಮಾತ್ರ ಲಂಡನ್ನಿನವನು.