ಮೂರು ತಿಂಗಳು ಕಾಯಬೇಕಾದದ್ದೇಕೆ

ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಮಂಗಳೂರಿನಲ್ಲಿ ವೀರ್ಯ ಪರೀಕ್ಷೆ ಮಾಡಿಸಿಕೊಂಡ ನನ್ನ ಸೋದರಳಿಯ, ವೀರ್ಯಾಣುಗಳ ಸಂಖ್ಯೆ ಕಡಿಮೆ ಎಂಬ ವರದಿ ಹಿಡಿದು ಬದಿಯಡ್ಕದ ನಮ್ಮ ಮನೆಗೆ ಬಂದಿದ್ದ. ತಿಂಗಳ ಹಿಂದಷ್ಟೇ ಅವನು ಡೆಂಗಿ ಜ್ವರದಿಂದ ಎದ್ದಿದ್ದ. "ಮೂರು ತಿಂಗಳು ಬಿಟ್ಟು ಬನ್ನಿ ಎಂದರು ಮಾವ, ಅಷ್ಟರಲ್ಲಿ ಏನು ಬದಲಾದೀತು?" ಎಂದು ಕೇಳಿದ. ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ನಾನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ವೀರ್ಯಾಣು ಹುಟ್ಟುವುದು ವೃಷಣದೊಳಗೆ ಸುರುಳಿ ಸುತ್ತಿಕೊಂಡಿರುವ ಸಪೂರ ನಾಳಿಕೆಗಳ ಒಳಗೋಡೆಯಲ್ಲಿ. ಅಲ್ಲಿನ ಮೂಲಕೋಶಗಳು ಹರೆಯದಿಂದ ಮುಂದೆ ವಿಭಜನೆಯಾಗುತ್ತಲೇ ಇರುತ್ತವೆ. ಹಾಗೆ ಹುಟ್ಟಿದವುಗಳಲ್ಲಿ ಕೆಲವು ಮೂಲಕೋಶಗಳಾಗಿಯೇ ಉಳಿಯುವುದರಿಂದ ಬೀಜದ ದಾಸ್ತಾನು ಬರಿದಾಗುವುದಿಲ್ಲ. ಉಳಿದವು ಬೆಳೆದು, 46 ವರ್ಣತಂತುಗಳನ್ನು 23ಕ್ಕೆ ಇಳಿಸುವ ವಿಶೇಷ ವಿಭಜನೆಯಲ್ಲಿ ಒಂದೊಂದೂ ನಾಲ್ಕು ದುಂಡು ಕೋಶಗಳಾಗುತ್ತವೆ. ದುಂಡು ಕೋಶವೊಂದು ವೀರ್ಯಾಣುವಿನ ರೂಪ ತಾಳುವ ಹಂತ ನನಗೆ ಎಷ್ಟು ಸಲ ಪಾಠ ಮಾಡಿದರೂ ಬೆರಗಿನದೇ: ಕೋಶಕೇಂದ್ರ ಬಿಗಿದು ಕಿರಿದಾಗುತ್ತದೆ, ಅದರ ನೆತ್ತಿಯ ಮೇಲೆ ಅಂಡದ ಹೊದಿಕೆಯನ್ನು ಭೇದಿಸಲು ನೆರವಾಗುವ ಕಿಣ್ವಗಳ ಟೊಪ್ಪಿ ಕೂರುತ್ತದೆ, ಹಿಂದೆ ಬಾಲ ಮೂಡುತ್ತದೆ, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ಬಾಲದ ಬುಡಕ್ಕೆ ಸುರುಳಿಯಾಗಿ ಸುತ್ತಿಕೊಳ್ಳುತ್ತವೆ, ಬೇಡದ ಕೋಶರಸ ಕಳಚಿಹೋಗುತ್ತದೆ. ಅಷ್ಟು ದಿನವೂ ಅವನ್ನು ಪೋಷಿಸುವುದು ಇಟಲಿಯ ಎನ್ರಿಕೊ ಸರ್ಟೋಲಿ 1865ರಲ್ಲಿ ವಿವರಿಸಿದ, ಅವರ ಹೆಸರನ್ನೇ ಹೊತ್ತ ಸರ್ಟೋಲಿ ಕೋಶಗಳು.

ನಾಳಿಕೆಗಳ ನಡುವಿನ ಲೇಡಿಗ್ ಕೋಶಗಳು ಟೆಸ್ಟೋಸ್ಟೀರಾನ್ ಎಂಬ ಹಾರ್ಮೋನನ್ನು ಸ್ರವಿಸದಿದ್ದರೆ ಇದು ಪೂರ್ಣವಾಗದು. ನಮ್ಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಬುಡದಲ್ಲಿ ಬೆಳೆದ ಹುಡುಗರಲ್ಲಿ, ಆ ತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕ ಇಂಥ ಹಾರ್ಮೋನುಗಳ ತಯಾರಿಗೇ ಅಡ್ಡಿಯಾಗಿರಬಹುದೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೂಲಕೋಶದಿಂದ ವೀರ್ಯಾಣುವಿನವರೆಗೆ ಸುಮಾರು 74 ದಿನ ಬೇಕು. ಆಗಲೂ ಅದಕ್ಕೆ ಸರಿಯಾಗಿ ಈಜಲು ಬರುವುದಿಲ್ಲ. ಬಿಡಿಸಿದರೆ ಸುಮಾರು 6 ಮೀಟರ್ ಉದ್ದವಾಗುವ ಎಪಿಡಿಡಿಮಿಸ್ ಎಂಬ ಕೊಳವೆಯಲ್ಲಿ ಹಲವು ದಿನ ಸಾಗುತ್ತಾ ಅದು ಬಲಿಯುತ್ತದೆ. ಇದಕ್ಕೆಲ್ಲ ವೃಷಣ ಮೈಗಿಂತ 2ರಿಂದ 3 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು. ಜೋರು ಜ್ವರ ಬಂದಾಗ ಆ ತಂಪು ತಪ್ಪಿ, ನಡುಹಂತದ ಕೋಶಗಳು ಕೆಡುತ್ತವೆ. ಮಳೆಗೆ ನಳ್ಳಿ (ಎಳೆಯ ಅಡಿಕೆಕಾಯಿ) ಉದುರಿದ ನಷ್ಟ ಅಡಿಕೆ ಕೊಯ್ಲಿನಲ್ಲಿ ಲೆಕ್ಕಕ್ಕೆ ಸಿಗುವ ಹಾಗೆ, ಜ್ವರದ ಪೆಟ್ಟು ವಾರಗಳ ಅನಂತರ ವರದಿಯಲ್ಲಿ ಕಾಣುತ್ತದೆ. ಜ್ವರ ಬಿಟ್ಟ ಮೇಲೆ ಬೆಳೆಯತೊಡಗಿದ ವೀರ್ಯಾಣುಗಳು ಪರೀಕ್ಷೆಗೆ ಸಿಗಲು ಆ 74 ದಿನಗಳೂ ಬಲಿಯುವ ದಿನಗಳೂ ಸೇರಿ ಸುಮಾರು ಮೂರು ತಿಂಗಳು ಬೇಕು.

ಎರಡು ವರ್ಷದ ಕಾರಣ ಬೇರೆಯೇ ಇರಬಹುದು, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಈ ವರದಿಯೊಂದರಿಂದ ಅದು ತೀರ್ಮಾನವಾಗದು ಎಂದೆ. ಅವನು ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಜ್ವರ ಬಿಟ್ಟ ದಿನವನ್ನು ಹುಡುಕಿ, ಅಲ್ಲಿಂದ ಎಣಿಸತೊಡಗಿದ.